ನೀಲಾಂಬಿಕಾ ಟೀಚರ್ ಅವರ ನೆರಳು ಬಿದ್ದದ್ದೇಕೆ

"ಬರುವ ವರ್ಷದೊಳಗೆ ತಾವು ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವ ಸಂಭವ ಬಹಳ. ಕಣ್ಣಿನ ರಕ್ಷೆ ಬಿಟ್ಟು ಎಲುಬಿನ ರಕ್ಷೆ ಆರಿಸಿಕೊಳ್ಳುವುದು ಒಳ್ಳೆಯದು."

ಹುಬ್ಬಳ್ಳಿಯ ವಿದ್ಯಾನಗರದ ಆಯ್ಕೆ ಕೇಂದ್ರದ ಪರದೆಯ ಮೇಲೆ ಈ ಮಾತು ಮೂಡಿದಾಗ ನೀಲಾಂಬಿಕಾ ಕುಂದಗೋಳ ಅವರಿಗೆ ಮೊದಲು ಬಂದದ್ದು ನಗು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಖೊಖೊ ಕಲಿಸಿದ ಕಾಲುಗಳು ಅವು. ಎಪ್ಪತ್ತು ದಾಟಿದ ಮೇಲೂ ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ಒಂದು ಸುತ್ತು ನಡೆಯದಿದ್ದರೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ. ನಗುವಿನ ಬೆನ್ನಿಗೇ ಸಿಟ್ಟು ಬಂತು. ಅವರ ಎಡಗಣ್ಣಿನ ನಟ್ಟನಡುವೆ ಒಂದು ಮಸುಕು ಕೂತು ಕೆಲವು ವರ್ಷಗಳಾಗಿದ್ದವು. ಎದುರಿಗೆ ಬಂದವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನು ಕಣ್ಣಿನ ಹಿಂಬದಿಯ ಪರೆಗೆ ಕೂರಿಸುವ ಚಿಕಿತ್ಸೆ ಈ ವರ್ಷವೇ ಕಣ್ಣಿನ ರಕ್ಷೆಯೊಳಗೆ ಸೇರಿತ್ತು. ಈಗಲೇ ಕಣ್ಣಿನ ರಕ್ಷೆ ಬಿಡು ಎನ್ನುತ್ತಿದೆ ಯಂತ್ರ!

ಆಗಿನ ವ್ಯವಸ್ಥೆ ಹೀಗಿತ್ತು. ಅರವತ್ತೈದು ದಾಟಿದವರ ಸಣ್ಣಪುಟ್ಟ ಔಷಧೋಪಚಾರವೆಲ್ಲ ಸರ್ಕಾರದ್ದು. ದೊಡ್ಡ ಚಿಕಿತ್ಸೆಗಳಿಗೆ ಮಾತ್ರ ಹೃದಯ, ಮೂತ್ರಪಿಂಡ, ಕಣ್ಣು, ಎಲುಬು ಎಂಬ ನಾಲ್ಕು ರಕ್ಷೆಗಳಲ್ಲಿ ಎರಡನ್ನು ಆರಿಸಿಕೊಳ್ಳಬೇಕಿತ್ತು. ಡಿಸೆಂಬರ್ ಆಯ್ಕೆಯ ತಿಂಗಳು. ಇದ್ದುದನ್ನು ನೋಡಿ, ಬೇಕಾದರೆ ಬದಲಾಯಿಸಿಕೊಳ್ಳಬಹುದು. ಸುಮ್ಮನಿದ್ದರೆ ಹಳೆಯದೇ ಮುಂದುವರಿಯುತ್ತದೆ. ತಿಂಗಳು ಮುಗಿಯಿತೋ, ಇನ್ನೊಂದು ಡಿಸೆಂಬರ್ ಬರುವ ತನಕ ಕಾಯಬೇಕು.

ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡುವುದು? ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದೇ 'ನೆರಳು'. ನವೆಂಬರ್ ತಿಂಗಳು ಪೂರ್ತಿ ಹಿರಿಯರೆಲ್ಲ ಎದೆಗೊಂದು, ಪಾದದ ಹರಡಿಗೊಂದು ತೆಳ್ಳನೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಎದೆಬಡಿತ, ಉಸಿರು, ನಡಿಗೆ, ನರಗಳಲ್ಲಿ ಸುದ್ದಿ ಓಡುವ ವೇಗ ಎಲ್ಲವನ್ನೂ ಆ ಪಟ್ಟಿಗಳು ಅಳೆಯುತ್ತಿದ್ದವು. ಹಿಂದಿನ ವರ್ಷಗಳ ಅಳತೆಯ ಜೊತೆ ಇದನ್ನು ಕೂಡಿಸಿ ಕೇಂದ್ರದ ಕಂಪ್ಯೂಟರು ಪ್ರತಿಯೊಬ್ಬರದೂ ಒಂದು ಪ್ರತಿರೂಪ ಕಟ್ಟಿ, ಅದನ್ನು ಮುಂದಿನ ವರ್ಷದೊಳಗೆ ನಡೆಸಿ ನೋಡುತ್ತಿತ್ತು. ಒಂದು ಸಲವಲ್ಲ, ಸಾವಿರಾರು ಸಲ. ಹೆಚ್ಚಿನ ಸಲ ಎದೆ ಕೆಟ್ಟರೆ ಹೃದಯದ ರಕ್ಷೆ, ಎಲುಬು ಮುರಿದರೆ ಎಲುಬಿನ ರಕ್ಷೆ. ಜನ ಅದನ್ನು ನಂಬಿದ್ದರು. ನಂಬಿದ್ದಕ್ಕೆ ಮೋಸವೂ ಆಗಿರಲಿಲ್ಲ.

"ಒತ್ತಿಬಿಡು ನೀಲಾ," ಎಂದರು ಪಕ್ಕದಲ್ಲಿದ್ದ ಗಂಡ ಚೆನ್ನವೀರಪ್ಪ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮುದ್ರೆ ಬಿದ್ದದ್ದನ್ನು ಪ್ರಶ್ನಿಸುವುದು ಅವರ ಸ್ವಭಾವದಲ್ಲೇ ಇರಲಿಲ್ಲ. "ಮಶೀನು ಸುಳ್ಳ ಹೇಳತೈತೇನು?"

"ನಿಮಗೇನ್ ಹೇಳೇತಿ?"

"ನಂದೇನೂ ಬದಲಿ ಬ್ಯಾಡಂತ. ಹೃದಯ, ಮೂತ್ರಪಿಂಡ. ಹೋದ ವರ್ಷದ್ದೇ ಇರಲಿ ಅಂತ."

"ಕುರ್ಚಿ ಬಿಟ್ಟು ಏಳಬೇಕಾದ್ರ ಎರಡು ಸಲ ಗ್ವಾಡಿ ಹಿಡೀತೀರಿ ನೀವು. ನೀವು ಬೀಳೂದಿಲ್ಲಂತ, ನಾ ಬೀಳತೇನಂತ!"

ಅವರ ಹಿಂದೆ ಸಾಲಿನಲ್ಲಿದ್ದ ಗುರುಸಿದ್ದಪ್ಪ ಮೆಲ್ಲಗೆ ನಕ್ಕರು. ಅವರು ಕುಂದಗೋಳ ದಂಪತಿಯ ಓಣಿಯವರೇ, ಬಸ್ ಡ್ರೈವರಾಗಿದ್ದವರು. "ಅಕ್ಕಾರ, ನಂಗೂ ಎಲುಬೇ ಬಂದೈತ್ರಿ. ನಮ್ಮ ಬೀಗರಿಗೂ ಅದ. ಈ ವರ್ಷ ಎಲ್ಲಾರ್ದೂ ಎಲುಬ."

ನೀಲಾಂಬಿಕಾ ಒತ್ತಲಿಲ್ಲ. "ನನ್ನ ನೆರಳು ಹೆಂಗ ಬೀಳತೈತಿ, ನಾ ನೋಡಬೇಕು," ಎಂದು ಕೌಂಟರಿನಲ್ಲಿದ್ದ ಹುಡುಗಿಗೆ ಹೇಳಿದರು.

ಹುಡುಗಿ ಕಣ್ಣರಳಿಸಿದಳು. ನೆರಳನ್ನು ನೋಡುವ ಹಕ್ಕು ಎಲ್ಲರಿಗೂ ಇತ್ತು. ಆದರೆ ತಾನು ಬೀಳುವುದನ್ನು ತಾನೇ ನೋಡಲು ಯಾರು ಬರುತ್ತಾರೆ? ಅವಳು ಕೆಲಸಕ್ಕೆ ಸೇರಿದಂದಿನಿಂದ ಒಬ್ಬರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನೀಲಾಂಬಿಕಾರನ್ನು ಮೇಲಿನ ಮಹಡಿಯ ನಿಯಂತ್ರಣ ಕೊಠಡಿಗೆ ಕರೆದೊಯ್ದವರು ಡಾ. ತಸ್ನೀಮ್ ಸವಣೂರ. ಉತ್ತರ ಕರ್ನಾಟಕದ ಎಲ್ಲ ಹಿರಿಯರ ನೆರಳುಗಳ ಹೊಣೆ ಅವರದು. ಗೋಡೆಯ ತುಂಬ ನಕ್ಷೆಗಳು ಮಿನುಗುತ್ತಿದ್ದವು. ಹುಬ್ಬಳ್ಳಿ, ಧಾರವಾಡ, ಗದಗ, ಎಲ್ಲೆಲ್ಲೂ ಎಲುಬಿನ ರಕ್ಷೆಯ ಹಳದಿ ಬಣ್ಣ ಏರಿತ್ತು.

"ಕುಂದ್ರಿ ಟೀಚರ್. ಒಂದ್ ಮಾತ್ ಮೊದ್ಲ ಹೇಳಿಬಿಡ್ತೀನಿ, ನೋಡೂದು ಸುಲಭ ಇರೂದಿಲ್ರಿ. ಮನಸ್ಸಿಗೆ ಹತ್ತತೈತಿ."

"ಮಕ್ಕಳು ಬಿದ್ದದ್ದು ದಿನಾ ನೋಡೇನ್ರಿ. ಹೆಂಗ ಬಿದ್ರು ಅಂತ ನೋಡಿದ್ರನ ತಿದ್ದಾಕ ಬರೂದು. ಹಚ್ಚರಿ."

ಕೊಠಡಿಯ ನಡುವೆ ಇದ್ದ ಗಾಜಿನ ಕೋಣೆಯೊಳಗೆ ಬೂದುಬಣ್ಣದ ಬೆಳಕು ಒಟ್ಟುಗೂಡಿ ಹೆಂಗಸಾಯಿತು. ಅದೇ ಎತ್ತರ, ಅದೇ ಭುಜ. ನಡೆಯುವ ಮೊದಲು ನೆರಿಗೆಯನ್ನು ತುಸು ಮೇಲೆತ್ತುವ ಅಭ್ಯಾಸವೂ ಅದೇ. ಜನವರಿಯಲ್ಲಿ ಆ ಹೆಂಗಸು ಸಲೀಸಾಗಿ ನಡೆದಳು. ಬೇಸಿಗೆ ಬಂತು. ಪಾದಗಳನ್ನು ಅಗಲಿಸಿ ಹೆಜ್ಜೆ ಇಡತೊಡಗಿದಳು. ಮಳೆಗಾಲದಲ್ಲಿ ಅವಳು ತಲೆ ಬಗ್ಗಿಸಿ ನೆಲ ನೋಡುತ್ತಾ ನಡೆಯತೊಡಗಿದಳು. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ನಿಂತು ಮುಖಕ್ಕೆ ಸೋಪು ಹಚ್ಚಿಕೊಂಡಳು. ಹಚ್ಚಿಕೊಳ್ಳುತ್ತಲೇ ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಉರುಳಿದಳು.

ನೀಲಾಂಬಿಕಾರ ಕೈ ತಮ್ಮ ಸೊಂಟದ ಮೇಲೆ ಹೋಯಿತು.

"ಇನ್ನೊಮ್ಮೆ ಹಚ್ಚರಿ."

ಎರಡನೆಯ ನೆರಳು ಬಿದ್ದದ್ದು ಸ್ನಾನದ ನಂತರ, ಇಷ್ಟಲಿಂಗ ಅಂಗೈಯಲ್ಲಿಟ್ಟು ನಿಂತಲ್ಲೇ ಕಣ್ಣುಮುಚ್ಚಿದಾಗ. ಮೂರನೆಯದು ಕರೆಂಟು ಹೋದ ಕತ್ತಲಲ್ಲಿ. ನಾಲ್ಕನೆಯದು ಮತ್ತೆ ಸೋಪು.

"ಡಾಕ್ಟರ, ಆಕಿ ಜಾರಿಲ್ಲ," ಎಂದರು ನೀಲಾಂಬಿಕಾ. "ಎಡವಿಲ್ಲ. ನೆಲಾ ನೋಡಕೋತ ನಡೀತಾಳ. ಕಣ್ಣು ಮುಚ್ಚಿದ ಕೂಡಲೆ ಬೀಳತಾಳ. ಕಾಲು ಎಲ್ಲೈತಿ ಅಂತ ಆಕೀಗೇ ತಿಳೀವಲ್ದು."

ತಸ್ನೀಮ್ ತಟ್ಟನೆ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. "ಹೌದ್ರಿ... ಹೌದು! ಇದು ಎಲುಬಿನ ರೋಗನ ಅಲ್ಲ. ಪಾದ ಎಲ್ಲೈತಿ ಅಂತ ಮಿದುಳಿಗೆ ಸುದ್ದಿ ಒಯ್ಯೂ ನರ ಸೊರಗ್ಯಾವು. ಕಣ್ಣು ತೆರೆದಿದ್ರ ಕಣ್ಣು ಆ ಕೆಲಸಾ ಮಾಡ್ತೈತಿ. ಮುಚ್ಚಿದ್ರ ಮುಗೀತು!"

ಅವರ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಎಲುಬಿನ ಸಲಹೆ ಬಂದಿದ್ದ ಬೇರೆ ಬೇರೆ ನೆರಳುಗಳನ್ನು ಒಂದರ ಮೇಲೊಂದರಂತೆ ಕರೆದರು. ನವಲಗುಂದದ ಅಜ್ಜ ಮುಖ ತೊಳೆಯುವಾಗ ಬಿದ್ದ. ಧಾರವಾಡದ ಅಜ್ಜಿ ದೇವರ ಮುಂದೆ ಕಣ್ಣುಮುಚ್ಚಿ ಕೈಮುಗಿದಾಗ ಬಿದ್ದಳು. ಮುಖ, ದೇವರು, ಕತ್ತಲೆ, ಮತ್ತೆ ಮುಖ. ಪಟ್ಟಿಗಳು ನರದ ವೇಗ ಇಳಿಯುತ್ತಿರುವುದನ್ನು ಸರಿಯಾಗಿಯೇ ಅಳೆದಿದ್ದವು. ಕಂಪ್ಯೂಟರು ಅದನ್ನು 'ವಯೋಸಹಜ' ಎಂದು ಬದಿಗಿಟ್ಟಿತ್ತು. ಯಾವ ರಕ್ಷೆ ಬೇಕು ಎಂಬುದಷ್ಟೇ ಅದಕ್ಕೆ ಕೇಳಿದ್ದ ಪ್ರಶ್ನೆ. ಯಾಕೆ ಎಂದು ಅದನ್ನು ಯಾರೂ ಕೇಳಿರಲಿಲ್ಲ.

"ಇಷ್ಟೂ ಮಂದಿ ನರಕ್ಕ ಒಮ್ಮೆಲೆ ಏನಾತು?" ತಸ್ನೀಮ್ ತಮಗೆ ತಾವೇ ಅಂದುಕೊಂಡರು. "ನೀರಿನ್ಯಾಗ ಏನರೆ ಸೇರೇತೋ, ಔಷಧಾನೋ..."

"ನೀರಲ್ರಿ," ಎಂದರು ನೀಲಾಂಬಿಕಾ. "ನಾನೂ ನಮ್ಮ ಮನಿಯವರೂ ಕುಡಿಯೂದು ಒಂದ ನಳದ ನೀರು. ಒಂದ ರೊಟ್ಟಿ, ಒಂದ ಪಲ್ಯ, ಒಂದ ಮೊಸರು. ಗುಳಿಗಿ ಇಬ್ಬರಿಗೂ ಬಿ.ಪಿ.ದೇ. ಅವರ ನೆರಳು ಬೀಳೂದಿಲ್ಲ, ನಂದು ಬೀಳತೈತಿ."

ತಸ್ನೀಮ್ ಅವರ ಮುಖವನ್ನೇ ನೋಡಿದರು. "ಹಂಗಾರ ನಿಮ್ಮ ಮನಿಯವ್ರು ನಿಮ್ಮಕಿಂತ ಬ್ಯಾರೆ ಏನೋ ಮಾಡಾಕತ್ತಾರ. ಅದೇನಂತ ತಿಳಕೊಂಡು ಬರ್ರಿ ಟೀಚರ್. ಇವತ್ತ ಬೇಕು. ತಿಂಗಳು ಮುಗೀಲಿಕ್ಕ ಬಂತು. ಮಂದಿ ಎಲ್ಲಾ ಕಣ್ಣು, ಹೃದಯ ಬಿಟ್ಟು ಎಲುಬಿಗೆ ಓಡಾಕತ್ತಾರ."

ಚೆನ್ನವೀರಪ್ಪ ಊಟಕ್ಕೆ ಕೂತಿದ್ದರು. ನೀಲಾಂಬಿಕಾ ಕಾಲು ತೊಳೆದು ಬಂದು ಎದುರಿಗೇ ಕೂತರು. ತಟ್ಟೆಗೆ ಕೈಹಾಕಲಿಲ್ಲ.

"ರೀ, ಸಂಜೀಕ ವಾಕಿಂಗ್ ಹೋಗ್ತೀರಲ್ಲ, ಎಲ್ಲಿಗೆ?"

"ಎಲ್ಲಿಗಂದ್ರ? ಗೋಕುಲ ರೋಡ ಕಡೆ. ಯಾಕ?"

"ಯಾರ ಜೋಡಿ?"

"ಗೆಳ್ಯಾರ ಜೋಡಿ." ಚೆನ್ನವೀರಪ್ಪ ರೊಟ್ಟಿಯ ಅಂಚನ್ನು ಮುರಿಯುತ್ತಲೇ ಉಳಿದರು. "ಇದೇನು ಪಾಟೀಸವಾಲು?"

"ಹೊರಗ ಏನರ ತಿಂತೀರೇನು?"

ಚೆನ್ನವೀರಪ್ಪ ನೀರು ಕುಡಿದರು. ಲೋಟ ಕೆಳಗಿಟ್ಟರು. ಮತ್ತೆ ಎತ್ತಿ ಖಾಲಿ ಲೋಟವನ್ನೇ ಬಾಯಿಗಿಟ್ಟುಕೊಂಡರು. ನೀಲಾಂಬಿಕಾ ತಮ್ಮ ನೆರಳು ಬಚ್ಚಲಿನಲ್ಲಿ ಉರುಳಿದ್ದನ್ನು ಹೇಳಿದರು. ಸೋಪಿನ ನೊರೆ ಮುಖದ ಮೇಲಿದ್ದಂತೆಯೇ, ಏಳಲಾಗದೆ ಬಿದ್ದುಕೊಂಡದ್ದನ್ನು. ಅದನ್ನು ಕೇಳಿ ಚೆನ್ನವೀರಪ್ಪನವರ ಮುಖ ಇಳಿದುಹೋಯಿತು.

"ನೀಲಾ, ಸಿಟ್ಟಾಗಬ್ಯಾಡ."

"ಹೇಳ್ರಿ."

"ಎಗ್ ರೈಸ್."

"ಏನು?"

"ಎಗ್ ರೈಸ್ ತಿಂತೇನಿ. ರೈಲ್ವೆ ಗ್ರೌಂಡ್ ಹಂತ್ಯಾಕ ಗಾಡಿ ಹಚ್ಚತಾರಲ್ಲ, ಅಲ್ಲೆ. ಒಮ್ಮೊಮ್ಮೆ ಮ್ಯಾಲೊಂದು ಆಮ್ಲೆಟ್. ಕೋರ್ಟ್‌ನಾಗಿದ್ದಾಗಿಂದ ರೂಢಿ ಬಿದ್ದೈತಿ. ಮನ್ಯಾಗ ಹೆಂಗ ಹೇಳ್ಲಿ?"

ಅಡುಗೆಮನೆಯಲ್ಲಿ ಮೊಟ್ಟೆಯ ಸಿಪ್ಪೆಯೂ ಬೀಳದ ಮನೆ ಅದು. ನೀಲಾಂಬಿಕಾ ಗಂಡನನ್ನು ದಿಟ್ಟಿಸಿದರು. ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾವು ಏನು ಹುಡುಕಿಕೊಂಡು ಬಂದದ್ದು ಎಂಬುದು ನೆನಪಾಗಿ ಎದ್ದುಬಿಟ್ಟರು. ಫೋನು ತೆಗೆದು ಡಾಕ್ಟರಿಗೆ ಹಚ್ಚಿದರು.

"ಡಾಕ್ಟರ, ತತ್ತಿ! ನಮ್ಮ ಮನಿಯವರು ಕದ್ದು ತತ್ತಿ ತಿಂತಾರಂತ!"

ಆ ಕಡೆಯಿಂದ ತಸ್ನೀಮರ ಕೂಗು ಎಷ್ಟು ಜೋರಾಗಿ ಬಂತೆಂದರೆ ಚೆನ್ನವೀರಪ್ಪನವರಿಗೂ ಕೇಳಿಸಿತು. "ಬಿ-ಟ್ವೆಲ್ವ್! ಟೀಚರ್, ಬಿ-ಟ್ವೆಲ್ವ್! ಹಾಲು... ನಿಮ್ಮ ಮನ್ಯಾಗ ತೊಟ್ಟಿ ಹಾಲೇನ್ರಿ?"

"ಈಗ ಯಾರ ಮನ್ಯಾಗ ಆಕಳ ಹಾಲು ಐತ್ರಿ?"

ನಿಜವೇ. ಬಿಸಿಲಿನ ಝಳ ತಾಳದೆ ದನಗಳು ಕಡಿಮೆಯಾದ ಮೇಲೆ ಉಕ್ಕಿನ ತೊಟ್ಟಿಗಳಲ್ಲಿ ಯೀಸ್ಟಿನಿಂದ ತಯಾರಾಗುವ ಹಾಲು ಊರಿಗೆಲ್ಲ ಬಂದಿತ್ತು. ಕೆನೆಗಟ್ಟುತ್ತಿತ್ತು, ಗಟ್ಟಿ ಮೊಸರಾಗುತ್ತಿತ್ತು. ಬೆಣ್ಣೆಯೂ ಬರುತ್ತಿತ್ತು. ಆದರೆ ನರಗಳ ಮೇಲಿನ ಹೊದಿಕೆಗೆ ಬೇಕಾದ ಬಿ-ಟ್ವೆಲ್ವ್ ಜೀವಸತ್ವ ಆಕಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಂದ ಬರುವಂಥದು. ಯೀಸ್ಟಿಗೆ ಅದನ್ನು ತಯಾರಿಸಲು ಬರುವುದಿಲ್ಲ. ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಅದು ಬೇರೆ ದಾರಿಯಿಂದ ಸಿಗುತ್ತದೆ. ತಿನ್ನದವರಿಗೆ ಹಾಲು-ಮೊಸರೇ ಆಧಾರ. ಎಳೆಯರ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವ ಸಂಗ್ರಹವಿರುತ್ತದೆ. ವಯಸ್ಸಾದವರ ಹೊಟ್ಟೆ ಅದನ್ನು ಹೀರಿಕೊಳ್ಳುವುದೇ ಕಡಿಮೆ. ಹೊಡೆತ ಮೊದಲು ಅವರಿಗೆ.

ಬೆಂಗಳೂರಿನ ಮೇಲಧಿಕಾರಿಗಳು ತಸ್ನೀಮರ ಮಾತನ್ನು ಕೇಳಿಸಿಕೊಂಡರು. ಒಬ್ಬ ಗಂಡ ಆಮ್ಲೆಟ್ ತಿಂದ ಎಂಬ ಆಧಾರದ ಮೇಲೆ ಇಡೀ ಪ್ರಾಂತ್ಯದ ಸಲಹೆಯನ್ನು ತಡೆಹಿಡಿಯಲಾಗದು, ಪುರಾವೆ ಬೇಕು ಎಂದರು. ಯಾರು ಏನು ತಿನ್ನುತ್ತಾರೆ ಎಂಬುದನ್ನು ಪಟ್ಟಿಗಳು ಅಳೆದಿರಲಿಲ್ಲ. ಜನರನ್ನೇ ಕೇಳಬೇಕು.

ಮರುದಿನ ಆಯ್ಕೆ ಕೇಂದ್ರದ ಸಭಾಂಗಣ ಕಿಕ್ಕಿರಿದಿತ್ತು. ಕೊನೆಯ ದಿನಗಳ ಗದ್ದಲ. ತಸ್ನೀಮ್ ಮೈಕು ಹಿಡಿದು ವಿಷಯ ಹೇಳಿದರು. "ದಯಮಾಡಿ ತತ್ತಿ, ಮೀನು, ಮಾಂಸ ತಿನ್ನೋರು ಎಡಕ್ಕ ಬರ್ರಿ. ತಿನ್ನದವ್ರು ಬಲಕ್ಕ."

ತಿನ್ನುವ ಮನೆತನದವರು ಕೆಲವರು ಎಡಕ್ಕೆ ಹೋದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಬೀಗರು, ನೆರೆಯವರು, ಮಠಕ್ಕೆ ಒಟ್ಟಿಗೆ ಹೋಗುವವರು ಎಲ್ಲ ಅಲ್ಲೇ ಇದ್ದರು.

ಆಗ ಚೆನ್ನವೀರಪ್ಪ ಎದ್ದರು. ಗೋಡೆ ಹಿಡಿಯದೆ ಎದ್ದರು. ವಿಭೂತಿ ಹಚ್ಚಿದ ಹಣೆಯನ್ನು ಎತ್ತಿಕೊಂಡು, ಸಭಾಂಗಣದ ನಡುವೆ ನಡೆದು ಎಡಗಡೆ ಹೋಗಿ ನಿಂತರು.

"ನಾ ತಿಂತೇನ್ರಪಾ," ಎಂದರು ದೊಡ್ಡ ದನಿಯಲ್ಲಿ. "ನಾಚಿಕಿ ಆಮ್ಯಾಲೆ ಮಾಡೂಣು. ನನ್ನ ಹೇಣ್ತಿ ಬೀಳಬಾರದು."

ನೀಲಾಂಬಿಕಾರಿಗೆ ಕಣ್ಣು ತುಂಬಿ ಬಂತು. ಮೂಲೆಯಲ್ಲಿದ್ದ ನಿವೃತ್ತ ಸಂಸ್ಕೃತ ಮೇಷ್ಟ್ರು ಕೆಮ್ಮಿ, ತಲೆ ತಗ್ಗಿಸಿ ಎಡಕ್ಕೆ ನಡೆದರು. ಅವರ ಹೆಂಡತಿ "ಅಯ್ಯ!" ಎಂದರು. ಇನ್ನೊಬ್ಬರು ಹೊರಟರು. ಒಬ್ಬ ಅಜ್ಜಿ "ನಾ ಬರೇ ತತ್ತಿ ಹಾಕಿದ ಕೇಕ್ ತಿಂತೇನ್ರಿ, ಎಲ್ಲಿ ನಿಂದರಲಿ?" ಎಂದಾಗ ನಗುವಿನ ಅಲೆ ಎದ್ದು ಇಡೀ ಸಭಾಂಗಣವೇ ಸಡಿಲಾಯಿತು. ಆಮೇಲೆ ನೂಕುನುಗ್ಗಲು! ನೀಲಾಂಬಿಕಾ ಮುಂದೆ ಬಂದು ಮೈದಾನದಲ್ಲಿ ಹುಡುಗಿಯರನ್ನು ನಿಲ್ಲಿಸುತ್ತಿದ್ದ ದನಿಯಲ್ಲೇ ಕೂಗಿದರು. "ಸಾಲಾಗಿ! ಒಬ್ಬರ ಹಿಂದ ಒಬ್ಬರು! ಎಲುಬಿನ ಸಲಹಾ ಬಂದವರು ಕೈ ಎತ್ತರಿ!"

ಬಲಗಡೆ ಕೈಗಳ ಕಾಡೇ ಎದ್ದಿತು. ಎಡಗಡೆ ಅಲ್ಲೊಂದು ಇಲ್ಲೊಂದು.

ತಸ್ನೀಮ್ ಮೈಕು ಕೆಳಗಿಟ್ಟು ಎರಡೂ ಕಡೆಯ ಕೈಗಳನ್ನು ಎಣಿಸಿ ಬರೆದುಕೊಂಡರು.

ಮುಂದಿನದೆಲ್ಲ ಬಿರುಗಾಳಿಯಂತೆ ನಡೆಯಿತು. ಕೈ ಎತ್ತಿದವರ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಬಿ-ಟ್ವೆಲ್ವ್ ಒಬ್ಬರಿಗಿಂತ ಒಬ್ಬರದು ಕಡಿಮೆ. ಹಾಲಿನ ಕಾರ್ಖಾನೆಯವರು ತಾವು ಅದನ್ನು ಬೆರೆಸುತ್ತೇವೆಂದು ವಾದಿಸಿದರು. ಪರೀಕ್ಷೆ ಮಾಡಿದಾಗ ಬೆರೆಸಿದ್ದು ನಿಜ, ಆದರೆ ಕೆಲವು ವರ್ಷಗಳ ಹಿಂದೆ ಹಾಕಿದ ಕುದಿಸುವ ಯಂತ್ರದಲ್ಲಿ ಅದು ಹಾಳಾಗುತ್ತಿರುವುದೂ ನಿಜ ಎಂದು ತಿಳಿಯಿತು. ಕುದಿಸಿದ ಮೇಲೆ ಬೆರೆಸುವ ಏರ್ಪಾಡಿಗೆ ಅವರೇ ಅವಸರಪಟ್ಟರು. ಬೆಂಗಳೂರಿನಿಂದ ಆದೇಶ ಬಂತು. ಎಲ್ಲರಿಗೂ ಇಂಜೆಕ್ಷನ್ನು. ಈಗಾಗಲೇ ಎಲುಬಿಗೆ ಬದಲಾಯಿಸಿದವರಿಗೆ ಹಿಂದಿರುಗುವ ಅವಕಾಶ.

ತಿಂಗಳ ಕೊನೆಯ ದಿನ ನಿಯಂತ್ರಣ ಕೊಠಡಿಯ ಗಾಜಿನ ಕೋಣೆಯನ್ನು ಸಭಾಂಗಣದ ದೊಡ್ಡ ಪರದೆಗೆ ಜೋಡಿಸಿದ್ದರು. ಪ್ರತಿಯೊಬ್ಬರ ನೆರಳಿಗೂ ಇಂಜೆಕ್ಷನ್ನಿನ ಲೆಕ್ಕ ಸೇರಿಸಿ ಮತ್ತೊಮ್ಮೆ ವರ್ಷವನ್ನು ಓಡಿಸುವುದು. ಮೊದಲ ಸರದಿ ನೀಲಾಂಬಿಕಾರದು.

ಬೂದು ಹೆಂಗಸು ನೆರಿಗೆ ಎತ್ತಿ ನಡೆದಳು. ಬೇಸಿಗೆಯಲ್ಲಿ ಹೆಜ್ಜೆ ಅಗಲವಾಗಲಿಲ್ಲ. ಮಳೆಗಾಲದಲ್ಲಿ ತಲೆ ಎತ್ತಿಯೇ ಇದ್ದಳು. ದಸರೆ ಬಂತು. ಬಚ್ಚಲು. ಸೋಪು. ಅವಳು ಕಣ್ಣುಮುಚ್ಚಿ ಮುಖ ಉಜ್ಜಿದಳು, ನೀರು ಎರಚಿಕೊಂಡಳು, ಟವೆಲ್ಲಿಗೆ ಕೈಚಾಚಿ ಮುಖ ಒರೆಸಿಕೊಂಡು ಹೊರಗೆ ನಡೆದಳು. ಎಂದಿನ ಒಂದು ಬೆಳಿಗ್ಗೆ ಮುಖ ತೊಳೆದದ್ದಕ್ಕೆ ಅಷ್ಟು ಚಪ್ಪಾಳೆ, ಅಷ್ಟು ಸಿಳ್ಳೆ ಹುಬ್ಬಳ್ಳಿಯಲ್ಲಿ ಎಂದೂ ಬಿದ್ದಿರಲಿಕ್ಕಿಲ್ಲ. ಚೆನ್ನವೀರಪ್ಪ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಲೇ ಇದ್ದರು. ನೀಲಾಂಬಿಕಾ ಪರದೆಯ ಬಳಿ ಹೋಗಿ 'ಕಣ್ಣು' ಎಂಬುದನ್ನು ಒತ್ತಿದರು.

ಒಂದೊಂದೇ ನೆರಳು ಬಂತು. ಧಾರವಾಡದ ಅಜ್ಜಿ ಕೈಮುಗಿದು ಕದಲದೆ ನಿಂತಳು. ನವಲಗುಂದದ ಅಜ್ಜ ಮುಖ ತೊಳೆದು ಅಂಗಳ ದಾಟಿದ. ಪ್ರತಿ ಸಲವೂ ಕೂಗು, ನಗು. ಆಮೇಲೆ ಗುರುಸಿದ್ದಪ್ಪನವರ ನೆರಳು ಬಂದು, ಶ್ರಾವಣದ ಹೊತ್ತಿಗೆ ಮುಖ ತೊಳೆಯುತ್ತಾ ಬಿದ್ದಿತು. ಇನ್ನೊಮ್ಮೆ ನಡೆಸಿದರು. ಮತ್ತೆ ಬಿದ್ದಿತು.

ಚಪ್ಪಾಳೆ ನಿಂತಿತು. ತಸ್ನೀಮ್ ವೇದಿಕೆಯ ಮೆಟ್ಟಿಲಿಳಿದು ಗುರುಸಿದ್ದಪ್ಪನವರ ಬಳಿ ಬಂದರು. "ಅಜ್ಜಾರ, ಕಾಲು ಜೋಮು ಹಿಡಿದು ಎಷ್ಟು ದಿನಾ ಆತ್ರಿ?"

"ವರ್ಷದ ಮ್ಯಾಲಾತ್ರಿ. ಬಸ್ ಹೊಡದ ಕಾಲು, ಇರತೈತಿ ಅಂತ ಸುಮ್ಮಿದ್ದೆ."

"ನಿಮ್ಮ ನರ ಬಾಳ ಸೊರಗ್ಯಾವ್ರಿ. ಇಂಜೆಕ್ಷನ್ನಿಂದ ಇದ್ದದ್ದು ಉಳೀತೈತಿ. ಹೋದದ್ದು ಬರಾಕ ತಡ ಹಿಡೀತೈತಿ. ಪೂರ್ತಿ ಬರ್ತೈತಿ ಅಂತ ನಾ ಹೇಳಾಂಗಿಲ್ಲ."

ಗುರುಸಿದ್ದಪ್ಪ ಪರದೆಯ ಮೇಲೆ ಬಿದ್ದಿದ್ದ ತಮ್ಮ ರೂಪವನ್ನು ನೋಡುತ್ತಾ ಕೂತರು. ನೀಲಾಂಬಿಕಾ ಪಕ್ಕದ ಕುರ್ಚಿಗೆ ಬಂದು ಕೂತರು.

"ಗುರುಸಿದ್ದಣ್ಣ, ಕಣ್ಣು, ಹೃದಯ ಐತಲ್ಲ ನಿಂದು?"

"ಹೌದ್ರಿ ಅಕ್ಕಾರ."

"ಕಣ್ಣು ಚಲೋ ಐತೇನು?"

"ಧಾರವಾಡದ ಬಸ್ಸಿನ ಬೋರ್ಡು ಇಲ್ಲಿಂದ ಓದ್ತೇನ್ರಿ."

"ಹಂಗಾರ ಈ ವರ್ಷ ಅದನ್ನ ಬಿಡು. ನಿನಗ ಮಶೀನು ಖರೇನ ಹೇಳೇತಿ. ಎಲುಬು ತಗೋ."

ಇಬ್ಬರೂ ಸೇರಿ ಪರದೆಯ ಬಳಿ ಹೋದರು. ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಸಿಬ್ಬಂದಿ ಎಲ್ಲರನ್ನೂ ಬೇಗ ಬೇಗ ಎನ್ನುತ್ತಿದ್ದರು. ಗುರುಸಿದ್ದಪ್ಪ ದಪ್ಪ ಬೆರಳಿನಿಂದ 'ಎಲುಬು' ಎಂಬುದನ್ನು ಒತ್ತಿದರು. ಪರದೆ ಹಸಿರಾಯಿತು. ತಸ್ನೀಮ್ ಕೂಡಲೇ ಆ ಆಯ್ಕೆಯೊಂದಿಗೆ ನೆರಳನ್ನು ಮತ್ತೊಮ್ಮೆ ನಡೆಸಿದರು.

ಶ್ರಾವಣದಲ್ಲಿ ಆ ಗಂಡಸು ಬಿದ್ದ. ಜನ ಓಡಿಬಂದರು, ಆಂಬುಲೆನ್ಸು ಬಂತು, ಅದೇ ದಿನ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ಡಿಸೆಂಬರಿನಲ್ಲಿ ಅವನು ಕೋಲು ಊರಿಕೊಂಡು, ಎಡಗಾಲನ್ನು ತುಸು ಎಳೆಯುತ್ತಾ, ನಿಧಾನವಾಗಿ ಗಾಜಿನ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದು ಬಂದ.

"ಏ, ನಡದೆ ನೋಡ್ರಿ!" ಎಂದು ಗುರುಸಿದ್ದಪ್ಪ ಪಕ್ಕದಲ್ಲಿದ್ದ ಕುರ್ಚಿಯ ಹಿಡಿಕೆ ಬಡಿದರು. "ಅಕ್ಕಾರ, ನಡದೆ!"

ಆ ದಿನದ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಆಗ ಬಿತ್ತು.